ಸವೆದದ್ದು ಸತ್ತಿಲ್ಲ

ನಿಮ್ಮ ಮನೆಯಲ್ಲಿ ಅಥವಾ ನಿಮ್ಮ ಬಂಧುಗಳ ಮನೆಯಲ್ಲಿ ವ್ಯಾಯಾಮದ ಸೈಕಲ್ ಒಂದು ಇದೆಯೇ? ಎಷ್ಟು ತುಳಿದರೂ ಒಂದಿಂಚು ಮುಂದೆ ಹೋಗದ ಆ ಸೈಕಲನ್ನು ನೀವು ಖಂಡಿತ ನೋಡಿರುತ್ತೀರಿ. ಹೆಚ್ಚಿನ ಮನೆಗಳಲ್ಲಿ ಅದರ ಕಥೆ ಒಂದೇ. ಡಾಕ್ಟರು ಹೇಳಿದರೆಂದು ಕೊಂಡರು, ಕೆಲವು ತಿಂಗಳು ತುಳಿದರು, ಒಂದು ದಿನ ಅದು ಕಿರ್ರೆಂದಿತು. ಮರುದಿನದಿಂದ ಅದರ ಹ್ಯಾಂಡಲ್ ಮೇಲೆ ಟವೆಲು ಒಣಗತೊಡಗಿತು. ಕೊನೆಗೆ ಮನೆ ಬದಲಾಯಿಸುವಾಗ ಗುಜರಿಯವನ ತಕ್ಕಡಿ ಏರಿತು. ಕಿಲೋ ಲೆಕ್ಕದಲ್ಲಿ ಸಿಕ್ಕಿದ್ದೇ ಲಾಭ!

ಆ ತಕ್ಕಡಿಗೆ ಹೋಗಬೇಕಿದ್ದ ಒಂದು ಸೈಕಲ್ ನಮ್ಮ ಮನೆಯಲ್ಲಿ ಇಂದಿಗೂ ತಿರುಗುತ್ತಿದೆ. ಅದು ಹೇಗೆ ಮತ್ತು ಯಾಕೆ ಎಂಬುದನ್ನು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆನಿಸಿತು. ನಾನು ಯಂತ್ರ ಶಾಸ್ತ್ರ ಓದಿದವನಲ್ಲ. ಮದ್ರಸದಲ್ಲಿ ಕಲಿತೆ, ಆಮೇಲೆ ಖಾಸಗಿಯಾಗಿ ಕಟ್ಟಿ ಬಿ.ಎ. ಮುಗಿಸಿದೆ, ಈಗ ಮಕ್ಕಳಿಗೆ ಪಾಠ ಹೇಳುತ್ತೇನೆ. ನನಗೆ ಅರ್ಥವಾದದ್ದು ನಿಮಗೂ ಅರ್ಥವಾಗುತ್ತದೆ ಎಂಬ ಧೈರ್ಯದಿಂದಲೇ ಬರೆಯುತ್ತಿದ್ದೇನೆ.

ನಾವಿರುವುದು ಬೆಂಗಳೂರಿನ ದೊಡ್ಡನೆಕ್ಕುಂದಿಯಲ್ಲಿ. ಒಂದು ಕಡೆ ಕೈಗಾರಿಕಾ ಪ್ರದೇಶದ ಶೆಡ್ಡುಗಳು, ಇನ್ನೊಂದು ಕಡೆ ಗಾಜಿನ ಐಟಿ ಕಟ್ಟಡಗಳು. ನಡುವೆ ನಮ್ಮಂಥವರ ಬಾಡಿಗೆ ಮನೆಗಳು ಮತ್ತು ಪೇಯಿಂಗ್ ಗೆಸ್ಟ್ ಹಾಸ್ಟೆಲುಗಳು. ಬೆಳಕು ಹರಿಯುವ ಮುನ್ನವೇ ನೀರಿನ ಟ್ಯಾಂಕರುಗಳ ಓಡಾಟ ಶುರು. ನಂತರ ಕಂಪೆನಿ ಕ್ಯಾಬುಗಳು, ಶಾಲಾ ವ್ಯಾನುಗಳು, ಕಟ್ಟಡ ಸಾಮಗ್ರಿಯ ಲಾರಿಗಳು. ನಮ್ಮ ಓಣಿಗೆ ಫುಟ್‌ಪಾತ್ ಎಂಬುದಿಲ್ಲ. ಇರುವ ಜಾಗದಲ್ಲಿ ಬೈಕುಗಳು ನಿಂತಿರುತ್ತವೆ. “ದಿನಾ ಅರ್ಧ ಗಂಟೆ ವಾಕಿಂಗ್ ಮಾಡಿ” ಎಂದು ಡಾಕ್ಟರು ಚೀಟಿಯಲ್ಲಿ ಬರೆದುಕೊಡುತ್ತಾರೆ. ಆದರೆ ಎಪ್ಪತ್ತು ದಾಟಿದ ಹೆಂಗಸೊಬ್ಬಳು ಇಲ್ಲಿ ಎಲ್ಲಿ ನಡೆಯಬೇಕು? ನೀವೇ ಹೇಳಿ.

ಆ ಹೆಂಗಸು ನನ್ನ ಉಮ್ಮ. ಎರಡೂ ಮಂಡಿಗಳ ಮೂಳೆಯ ತುದಿಯ ಮೆತ್ತೆ ಸವೆದಿದೆ. ಜೊತೆಗೆ ಸಕ್ಕರೆ ಕಾಯಿಲೆ. ನೆಲದಲ್ಲಿ ಕುಳಿತರೆ ಏಳುವುದು ಕಷ್ಟವಾದ್ದರಿಂದ ವರ್ಷಗಳಿಂದ ಕುರ್ಚಿಯಲ್ಲೇ ನಮಾಝ್. ಸಕ್ಕರೆ ಕಾಯಿಲೆ ನಮ್ಮ ಮನೆಯೊಂದರ ಮಾತಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಈ ಕಾಯಿಲೆಯಿದೆ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷವಾದರೂ ಮಧ್ಯಮ ಶ್ರಮದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಂಡಿ ನೋವಿನವರಿಗೆ ನಡಿಗೆಗಿಂತ ಸೈಕಲ್ ಹಗುರ. ಯಾಕೆಂದರೆ ಮೈಯ ಭಾರವನ್ನು ಸೀಟು ಹೊರುತ್ತದೆ, ಮಂಡಿ ಬರಿದೇ ಮಡಚಿ ಬಿಚ್ಚುತ್ತದೆ. ಹಾಗಾಗಿ ಉಮ್ಮನ ಪಾಲಿಗೆ ವಾಕಿಂಗ್ ಎಂದರೆ ಹಾಲಿನ ಮೂಲೆಯಲ್ಲಿದ್ದ ಆ ಹಳೆಯ ಸೈಕಲ್ಲೇ.

ಅದನ್ನು ತಂದದ್ದು ನನ್ನ ತೀರಿಹೋದ ಬಾಪ. ತೊಂಬತ್ತರ ದಶಕದಲ್ಲಿ, ವರ್ಗವಾಗಿ ಊರು ಬಿಡುತ್ತಿದ್ದ ಒಬ್ಬ ಅಧಿಕಾರಿಯಿಂದ ಅಗ್ಗಕ್ಕೆ ಕೊಂಡದ್ದು. ಕಂಪೆನಿಯ ಹೆಸರಿನ ಸ್ಟಿಕ್ಕರ್ ಎಂದೋ ಅಳಿಸಿಹೋಗಿದೆ. ಇಂದಿನವರು ಇಂಥದ್ದಕ್ಕೆ ‘ವಿಂಟೇಜ್’ ಎನ್ನುತ್ತಾರೆ. ಮನೆಯ ಮಕ್ಕಳು ಇಟ್ಟ ಹೆಸರು ‘ಕಬ್ಬಿಣದ ಕುದುರೆ’!

ಕಬ್ಬಿಣದ ಕುದುರೆಯ ಹೊಟ್ಟೆಯಲ್ಲಿ

ಇಂಥ ಹಳೆಯ ಸೈಕಲ್ಲಿನ ರಚನೆ ಬಹಳ ಸರಳ. ಪೆಡಲು ತುಳಿದರೆ ಚೈನು ಒಂದು ಭಾರವಾದ ಕಬ್ಬಿಣದ ಚಕ್ರವನ್ನು ತಿರುಗಿಸುತ್ತದೆ. ಆ ಚಕ್ರದ ಅಂಚಿಗೆ ಒಂದು ಪಟ್ಟಿ ಅಥವಾ ಉಣ್ಣೆಯ ಫೆಲ್ಟಿನ ತುಂಡು ಒತ್ತಿಕೊಂಡಿರುತ್ತದೆ. ಮುಂದಿರುವ ತಿರುಪು ಬಿಗಿ ಮಾಡಿದಂತೆ ಪಟ್ಟಿ ಹೆಚ್ಚು ಒತ್ತುತ್ತದೆ, ತುಳಿಯುವುದು ಭಾರವಾಗುತ್ತದೆ. ಅಷ್ಟೇ. ಕರೆಂಟಿಲ್ಲ, ಪರದೆಯಿಲ್ಲ.

ನಿಂತಲ್ಲೇ ವ್ಯಾಯಾಮ ಮಾಡಿಸುವ ಯಂತ್ರಗಳ ಕಲ್ಪನೆ ಹೊಸದೂ ಅಲ್ಲ. 1796ರಷ್ಟು ಹಿಂದೆಯೇ ಇಂಗ್ಲೆಂಡಿನ ಫ್ರಾನ್ಸಿಸ್ ಲೌಂಡ್ಸ್ ‘ಜಿಮ್ನ್ಯಾಸ್ಟಿಕಾನ್’ ಎಂಬ ಕೈಕಾಲು ಆಡಿಸುವ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದ. 1954ರಲ್ಲಿ ಸ್ವೀಡನ್ನಿನ ವಾನ್ ಡೋಬೆಲ್ನ್ ಎಂಬವರು ಪಟ್ಟಿಯ ಬ್ರೇಕಿರುವ ಸರಳ ಸೈಕಲ್ ಮಾಪಕವೊಂದನ್ನು ವಿವರಿಸಿ ಲೇಖನ ಬರೆದರು. ಇದೇ ಬಗೆಯ ಮೊನಾರ್ಕ್ ಕಂಪೆನಿಯ ಸೈಕಲ್ಲುಗಳು ಪ್ರಯೋಗಾಲಯಗಳಲ್ಲಿ ಹೆಸರುವಾಸಿ. ಅದರ ಲೆಕ್ಕ ನೋಡಿ ನನಗೆ ಬೆರಗಾಯಿತು. ಪೆಡಲು ಒಂದು ಸುತ್ತು ತಿರುಗಿದರೆ ಚಕ್ರದ ಅಂಚು 6 ಮೀಟರ್ ಸಾಗುವಂತೆ ಅದನ್ನು ಕಟ್ಟಿದ್ದಾರೆ. ನಿಮಿಷಕ್ಕೆ 50 ಸುತ್ತು ತುಳಿದರೆ 300 ಮೀಟರ್. ಪಟ್ಟಿಯ ಎಳೆತ ಒಂದು ಕಿಲೋ ಇದ್ದರೆ ತುಳಿಯುವವರ ಶಕ್ತಿ ಸುಮಾರು 50 ವ್ಯಾಟ್. ಒಂದು ಪಟ್ಟಿ ಮತ್ತು ಒಂದು ತೂಕದಿಂದ ಮನುಷ್ಯನ ಶ್ರಮವನ್ನು ಅಳೆದುಬಿಡಬಹುದು! ನಮ್ಮ ಮನೆಯ ಸೈಕಲ್ ಅಷ್ಟು ದೊಡ್ಡ ಮನೆತನದ್ದಲ್ಲ. ಆದರೆ ಕುಲ ಅದೇ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಈ ಯಂತ್ರದಲ್ಲಿ ಸವೆಯುವ ಭಾಗಗಳು ಬೆರಳೆಣಿಕೆಯಷ್ಟು: ಬೇರಿಂಗ್, ಚೈನು, ಪೆಡಲು, ಕ್ರ್ಯಾಂಕಿನ ಕಾಟರ್ ಪಿನ್, ಬ್ರೇಕಿನ ಫೆಲ್ಟ್, ಸೀಟು. ಕಬ್ಬಿಣದ ಚೌಕಟ್ಟು ಮತ್ತು ಚಕ್ರ ಸುಲಭಕ್ಕೆ ಸವೆಯುವುದಿಲ್ಲ. ಅಂದರೆ ತೂಕದ ಲೆಕ್ಕದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಗಟ್ಟಿಯಾಗಿರುವಾಗಲೇ ನಾವು ಇಡೀ ಸೈಕಲನ್ನು ಗುಜರಿಗೆ ಹಾಕುತ್ತೇವೆ.

ನಿಂತುಹೋದ ದಿನಗಳು

ಎರಡು ವರ್ಷಗಳ ಹಿಂದೆ ನಮ್ಮ ಸೈಕಲ್ ಮೊದಲು ಗೊಣಗತೊಡಗಿತು, ಆಮೇಲೆ ಗುರುಗುಟ್ಟಿತು, ಕೊನೆಗೆ ಪೂರ್ತಿ ಬಿಗಿಯಿತು. ವ್ಯಾಯಾಮದ ಸಾಮಾನು ಮಾರುವ ಒಂದು ಅಂಗಡಿಯಲ್ಲಿ ವಿಚಾರಿಸಿದೆ. ಫೋಟೋ ನೋಡಿ ಅಲ್ಲಿದ್ದ ಹುಡುಗ ನಕ್ಕುಬಿಟ್ಟ. “ಇದರ ಪಾರ್ಟ್ಸ್ ಎಲ್ಲೂ ಬರಲ್ಲ ಸಾರ್. ಬಿಸಾಕಿ, ಹೊಸದು ತಗೊಳ್ಳಿ.” ನನ್ನ ತಮ್ಮನೂ ಅದನ್ನೇ ಹೇಳಿದ. ಅವನೇ ಹಣ ಹಾಕಿ ಆನ್‌ಲೈನಿನಲ್ಲಿ ಒಂದು ಹೊಸ ಸೈಕಲ್ ತರಿಸಿಯೂಬಿಟ್ಟ. ಚೆಂದದ ಬಣ್ಣ, ಎದುರಿಗೆ ಪುಟ್ಟ ಪರದೆ.

ಆದರೆ ಉಮ್ಮನಿಗೆ ಅದನ್ನು ಹತ್ತಲಾಗಲಿಲ್ಲ. ನಡುವಿನ ಕಂಬಿ ಎತ್ತರ, ಕಾಲೆತ್ತಿ ಆಚೆ ಹಾಕಬೇಕು. ಹಳೆಯದಕ್ಕೆ ನಡುವೆ ತಗ್ಗು, ಸೀರೆ ಉಟ್ಟವರೂ ಸಲೀಸಾಗಿ ದಾಟಬಹುದು. ಒಂದು ವಾರ ಪ್ರಯತ್ನಿಸಿದರು. ಆಮೇಲೆ, “ಮೋನೇ, ಇದು ಮಕ್ಕಳದ್ದು. ಅವರೇ ತುಳಿಯಲಿ” ಎಂದರು. ಹೊಸ ಸೈಕಲ್ ತಮ್ಮನ ಮನೆಗೆ ಹೋಯಿತು.

ಮುಂದಿನ ಒಂದೂವರೆ ತಿಂಗಳು ಉಮ್ಮ ಹೆಚ್ಚು ಕಡಿಮೆ ಕುಳಿತೇ ಕಳೆದರು. ನಡಿಗೆಯಿಲ್ಲ, ಸೈಕಲ್ಲಿಲ್ಲ. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಮಂಡಿ ಹಿಡಿದುಕೊಳ್ಳತೊಡಗಿತು. ಬಚ್ಚಲಿಗೆ ಹೋಗಲು ಗೋಡೆ ಹಿಡಿಯುವ ಪರಿಸ್ಥಿತಿ ಬಂತು. ಸಕ್ಕರೆಯ ಅಂಕಿ ಏರಿತು, ಮಾತ್ರೆಯ ಪ್ರಮಾಣವೂ ಏರಿತು. ಒಂದು ರಾತ್ರಿ ನನ್ನ ಪತ್ನಿಯ ಬಳಿ, “ಇನ್ನು ನಾನು ನಿಮಗೆಲ್ಲ ಭಾರ” ಎಂದರಂತೆ. ಆ ಮಾತು ನನ್ನನ್ನು ಚುಚ್ಚಿತು. ಇಷ್ಟಕ್ಕೂ ಕಾರಣ ಏನು? ಎಲ್ಲೋ ಒಳಗೆ ಸವೆದ ಒಂದು ಉಕ್ಕಿನ ಬಳೆ!

ಲೇತಿನ ಮುಂದೆ

ಗ್ರಾಫೈಟ್ ಇಂಡಿಯಾ ಕಾರ್ಖಾನೆ 2019ರಲ್ಲೇ ಮುಚ್ಚಿದರೂ ಆ ಕೂಡುರಸ್ತೆಯನ್ನು ಜನ ಇನ್ನೂ ಅದೇ ಹೆಸರಿನಿಂದ ಕರೆಯುತ್ತಾರೆ. ಆಚೆ ಈಚೆ ಇರುವ ಓಣಿಗಳಲ್ಲಿ ಸಣ್ಣ ಸಣ್ಣ ಲೇತ್ ಶೆಡ್ಡುಗಳಿವೆ. ನಾನು ಓಡಾಡುವ ದಾರಿಯಲ್ಲೇ ಇದ್ದ ಒಂದು ಶೆಡ್ಡಿನ ಯಜಮಾನರು ಗದಗ ಕಡೆಯವರು. ಆಟೋದಲ್ಲಿ ಸೈಕಲ್ ಹಾಕಿಕೊಂಡು ಅವರಲ್ಲಿಗೆ ಹೋದೆ. ಅವರು ಮಾತಾಡದೆ ಚೈನು ಬಿಚ್ಚಿ, ಚಕ್ರವನ್ನು ಕೈಯಿಂದ ತಿರುಗಿಸಿ, ಕಿವಿಗೊಟ್ಟು ಕೇಳಿದರು. ನಂತರ ಹೇಳಿದರು: “ಸರ, ಇದು ಸತ್ತಿಲ್ರೀ. ಸವದೈತಿ ಅಷ್ಟ. ಸವದಿದ್ದನ್ನ ಬದಲ್ ಮಾಡಿದ್ರ ಮತ್ತ ಹತ್ತ ವರ್ಷ ತಿರಗತೈತಿ.”

ಅವರ ಶೆಡ್ಡಿನಲ್ಲಿದ್ದ ಲೇತಿನ ಮೈಮೇಲೆ ಮೈಸೂರು ಕಿರ್ಲೋಸ್ಕರ್ ಎಂಬ ಅಕ್ಷರಗಳಿದ್ದವು. 1941ರಲ್ಲಿ ಹರಿಹರದಲ್ಲಿ ಹುಟ್ಟಿದ ಆ ಕಂಪೆನಿ ಒಂದು ಕಾಲದಲ್ಲಿ ದೇಶಕ್ಕೆಲ್ಲ ಲೇತ್ ಒದಗಿಸಿತ್ತು. ಈ ಶತಮಾನದ ಆರಂಭದಲ್ಲಿ ಕಾರ್ಖಾನೆ ಮುಚ್ಚಿತು, ಸಾವಿರಾರು ಕುಟುಂಬಗಳ ಅನ್ನದ ದಾರಿ ತಪ್ಪಿತು. ಆದರೆ ಅಲ್ಲಿಂದ ಹೊರಬಂದ ಲೇತ್‌ಗಳು ಇಂದಿಗೂ ಎಷ್ಟೋ ಶೆಡ್ಡುಗಳಲ್ಲಿ ದುಡಿಯುತ್ತಿವೆ. “ಬಿಡಿಭಾಗ ಎಲ್ಲಿಂದ ತರುತ್ತೀರಿ?” ಎಂದು ಕೇಳಿದೆ. ಅವರು ನಕ್ಕು, “ಇದರ ಮ್ಯಾಲೇ ಇದರ ಸಾಮಾನು ಮಾಡ್ಕೋತೀವ್ರಿ” ಎಂದರು. ಮಾಡಿದ ಕಂಪೆನಿ ಇಲ್ಲವಾದ ಮಾತ್ರಕ್ಕೆ ಯಂತ್ರ ಸಾಯಬೇಕಾಗಿಲ್ಲ ಎಂಬ ಪಾಠ ನನಗೆ ಅಲ್ಲೇ ಸಿಕ್ಕಿತು.

ಒಳಗಿನ ಬೇರಿಂಗ್ ಹೊರಬಂತು. ತುಕ್ಕು ಒರೆಸಿದಾಗ ಅದರ ಬದಿಯಲ್ಲಿ 6203 ಎಂಬ ಅಂಕಿ ಕಾಣಿಸಿತು. ಓದುಗರೇ, ಈ ಅಂಕಿಯನ್ನು ಓದಲು ಕಲಿತರೆ ಅರ್ಧ ಚಿಂತೆ ಕಳೆಯಿತು. ಬೇರಿಂಗುಗಳ ಅಳತೆ ಜಗತ್ತಿನಾದ್ಯಂತ ಒಂದೇ. 6203 ಎಂದರೆ ಒಳರಂಧ್ರ 17 ಮಿ.ಮೀ., ಹೊರ ಅಗಲ 40 ಮಿ.ಮೀ., ದಪ್ಪ 12 ಮಿ.ಮೀ. ಕೊನೆಯ ಎರಡು ಅಂಕಿಗಳು 00, 01, 02, 03 ಆಗಿದ್ದರೆ ಒಳರಂಧ್ರ ಕ್ರಮವಾಗಿ 10, 12, 15, 17 ಮಿ.ಮೀ. 04ರಿಂದ ಮೇಲಕ್ಕೆ ಐದರಿಂದ ಗುಣಿಸಿದರಾಯಿತು. ಸ್ವೀಡನ್ನಿನಲ್ಲಿ ಆಗಲಿ, ಜಪಾನಿನಲ್ಲಿ ಆಗಲಿ, ನಮ್ಮಲ್ಲೇ ಆಗಲಿ ಮಾಡಿದ 6203 ಅದೇ ಜಾಗದಲ್ಲಿ ಕೂರುತ್ತದೆ. “ಇದರ ಪಾರ್ಟ್ಸ್ ಎಲ್ಲೂ ಬರಲ್ಲ” ಎಂಬ ಮಾತು ಎಷ್ಟು ಟೊಳ್ಳು ಎಂದು ಯೋಚಿಸಿ ನೋಡಿ. ಬೇರಿಂಗ್ ಅಂಗಡಿಯವನು ನನ್ನಲ್ಲಿ ಸೈಕಲ್ಲಿನ ಹೆಸರನ್ನೇ ಕೇಳಲಿಲ್ಲ. ಅಂಕಿ ಕೇಳಿದ, ಎರಡು ಪೊಟ್ಟಣ ಮೇಜಿನ ಮೇಲಿಟ್ಟ.

ಚೈನು ಮಾಮೂಲು ರಸ್ತೆ ಸೈಕಲ್ಲಿನದ್ದೇ. ಕೊಂಡಿಯ ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು. 24 ಅಂತರಗಳನ್ನು ಎಳೆದು ಅಳೆದರೆ ಸರಿಯಾಗಿ 12 ಇಂಚು ಬರಬೇಕು. ನಮ್ಮದು ಒಂದು ದಾರದಷ್ಟು, ಅಂದರೆ ಇಂಚಿನ ಎಂಟನೇ ಒಂದು ಭಾಗ ಹೆಚ್ಚು ಬಂತು. ಅಷ್ಟು ಬಂದರೆ ಚೈನಿನ ಆಯುಷ್ಯ ಮುಗಿದಂತೆ. ಚೈನು, ಪೆಡಲು, ಕಾಟರ್ ಪಿನ್ ಮೂರೂ ಪಕ್ಕದ ಸೈಕಲ್ ಶಾಪಿನಲ್ಲೇ ಸಿಕ್ಕವು. ಪೆಡಲಿನ ದಂಡದಲ್ಲಿ ಎರಡು ದಪ್ಪಗಳಿರುತ್ತವೆ. ಅರ್ಧ ಇಂಚಿನದ್ದು ಒಂದು, ಅದಕ್ಕಿಂತ ಕೊಂಚ ದಪ್ಪದ್ದು ಇನ್ನೊಂದು. ಹಾಗಾಗಿ ಹಳೆಯ ಪೆಡಲನ್ನು ಕೈಯಲ್ಲೇ ಹಿಡಿದುಕೊಂಡು ಹೋಗುವುದು ಜಾಣತನ.

ಫೆಲ್ಟ್ ಹಾರ್ಡ್‌ವೇರ್ ಅಂಗಡಿಯಲ್ಲಿ ಹಾಳೆಯಾಗಿ ಸಿಕ್ಕಿತು. ಕತ್ತರಿಸಿ, ಹಳೆಯ ಲೋಹದ ತಗಡಿಗೆ ಗೋಂದಿನಿಂದ ಅಂಟಿಸಿದೆವು. ಬಿಗಿ ಮಾಡುವ ತಿರುಪಿನ ಮರೆ ಮಾತ್ರ ಪೂರ್ತಿ ಸವೆದಿತ್ತು. ಅದಕ್ಕೆ ಹೊಂದುವುದು ಅಂಗಡಿಯಲ್ಲಿ ಇರಲಿಲ್ಲ. ಗದಗದ ಯಜಮಾನರು ಒಂದು ಹಿತ್ತಾಳೆಯ ತುಂಡನ್ನು ಲೇತಿಗೆ ಕಚ್ಚಿಸಿ ಅರ್ಧ ಗಂಟೆಯಲ್ಲಿ ಹೊಸ ನಟ್ಟು ಮಾಡಿಕೊಟ್ಟರು. ಎಲ್ಲ ಸೇರಿ ಖರ್ಚು ಸಾವಿರ ರೂಪಾಯಿ ದಾಟಲಿಲ್ಲ.

ಆ ಸಂಜೆ ಉಮ್ಮ ಸೈಕಲ್ ಹತ್ತಿ ಐದು ನಿಮಿಷ ತುಳಿದರು. ಮರುವಾರ ಹತ್ತು ನಿಮಿಷ. ಮಂಡಿಯ ಸವೆತ ವಾಸಿಯಾಯಿತೆಂದು ನಾನು ಹೇಳಲಾರೆ, ಅದಕ್ಕೆ ಯಾವ ಅಂಗಡಿಯಲ್ಲೂ ಫೆಲ್ಟ್ ಸಿಗುವುದಿಲ್ಲ. ಆದರೆ ಗೋಡೆ ಹಿಡಿಯುವುದು ನಿಂತಿತು. ಮೂರು ತಿಂಗಳ ನಂತರದ ಪರೀಕ್ಷೆಯಲ್ಲಿ ಸಕ್ಕರೆ ಇಳಿದಿತ್ತು, ಡಾಕ್ಟರು ಮಾತ್ರೆಯನ್ನು ಮೊದಲಿನ ಪ್ರಮಾಣಕ್ಕೆ ತಂದರು. ಈಗ ಮಧ್ಯಾಹ್ನದ ಹೊತ್ತು ಓಣಿಯ ಮೂರ್ನಾಲ್ಕು ಹೆಂಗಸರೂ ಬರುತ್ತಾರೆ. ಒಬ್ಬರು ತುಳಿಯುತ್ತಾರೆ, ಉಳಿದವರು ಸೊಪ್ಪು ಬಿಡಿಸುತ್ತಾ ಮಾತಾಡುತ್ತಾರೆ. ರಸ್ತೆಯಲ್ಲಿ ಅವರಿಗೆ ಸಿಗದ ಫುಟ್‌ಪಾತ್ ನಮ್ಮ ಹಾಲಿನ ಮೂಲೆಯಲ್ಲಿ ಸಿಕ್ಕಿದೆ.

ರಿಪೇರಿಯ ಹಕ್ಕು

ನಾನು ಓದಿದ ಮದ್ರಸದಲ್ಲಿ ಕಿತಾಬುಗಳು ವಿದ್ಯಾರ್ಥಿಯಿಂದ ವಿದ್ಯಾರ್ಥಿಗೆ ಸಾಗುತ್ತಿದ್ದವು. ಪ್ರತಿ ವರ್ಷ ರಜೆಗೆ ಮುನ್ನ ಮೈದಾ ಅಂಟು ಕಾಯಿಸಿ, ಹರಿದ ಬೆನ್ನಿಗೆ ಬಟ್ಟೆ ಹಚ್ಚಿ, ದಾರ ಹೊಲಿದು ಇಡುವುದು ನಮ್ಮದೇ ಕೆಲಸ. ಹಾಳೆ ಸವೆದರೆ ಹಾಳೆಯನ್ನು ಸರಿಪಡಿಸುತ್ತಿದ್ದೆವು, ಕಿತಾಬನ್ನು ಎಸೆಯುತ್ತಿರಲಿಲ್ಲ. ಕೊಡೆ, ಚಪ್ಪಲಿ, ಸ್ಟವ್, ಗಡಿಯಾರಗಳಿಗೂ ಆಗ ಅದೇ ನ್ಯಾಯ. ಈ ಅಭ್ಯಾಸ ನಮ್ಮ ಕೈಯಿಂದ ಜಾರುತ್ತಿದೆ. ಅದಕ್ಕೆ ನಮ್ಮ ಸೋಮಾರಿತನವಷ್ಟೇ ಕಾರಣವಲ್ಲ. ಇಂದಿನ ಹಲವು ವಸ್ತುಗಳನ್ನು ಬಿಚ್ಚಲು ಬಾರದಂತೆಯೇ ಮಾಡಿರುತ್ತಾರೆ. ಬಿಚ್ಚಿದರೂ ಬಿಡಿಭಾಗವನ್ನು ಬೇರೆಯವರಿಗೆ ಮಾರುವುದಿಲ್ಲ.

ಇದರ ವಿರುದ್ಧ ಲೋಕದಲ್ಲಿ ದನಿ ಎದ್ದಿದೆ. 2009ರಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಮಾರ್ಟಿನೆ ಪೋಸ್ಟ್ಮಾ ಎಂಬ ಮಹಿಳೆ ‘ರಿಪೇರಿ ಕೆಫೆ’ ಆರಂಭಿಸಿದರು. ಜನ ಕೆಟ್ಟ ವಸ್ತು ತರುವುದು, ಬಲ್ಲವರೊಂದಿಗೆ ಕುಳಿತು ತಾವೇ ಸರಿಮಾಡುವುದು. 2015ರಲ್ಲಿ ಅಂತರಾ ಮುಖರ್ಜಿ ಮತ್ತು ಪೂರ್ಣಾ ಸರ್ಕಾರ್ ಎಂಬ ಇಬ್ಬರು ಮಹಿಳೆಯರು ಅದನ್ನು ಬೆಂಗಳೂರಿಗೂ ತಂದರು. ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ‘ರಿಪೇರಿಯ ಹಕ್ಕಿ’ನ ಕುರಿತು ಸಮಿತಿ ರಚಿಸಿತು. ಅದೇ ವರ್ಷ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕರ ದಿನದಂದು, ಅದಕ್ಕಾಗಿ ಒಂದು ಪೋರ್ಟಲ್ ತೆರೆಯಿತು. ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು ಹಾಗೂ ವಾಹನಗಳು ಇದರ ನಾಲ್ಕು ಕ್ಷೇತ್ರಗಳು.

ದೊಡ್ಡ ಕಂಪೆನಿಗಳಿಗೂ ಬಿಡಿಭಾಗ ಬದಲಿಸುವುದು ಅಸಾಧ್ಯವೇನಲ್ಲ. 2023ರ ಮೇ ತಿಂಗಳಲ್ಲಿ ಅಮೆರಿಕದ ಪೆಲೋಟಾನ್ ಕಂಪೆನಿ ಸುಮಾರು 22 ಲಕ್ಷ ವ್ಯಾಯಾಮದ ಸೈಕಲ್ಲುಗಳ ಸೀಟಿನ ಕಂಬ ಮುರಿಯುವ ಅಪಾಯವಿದೆಯೆಂದು ಪ್ರಕಟಿಸಬೇಕಾಯಿತು. ಆಗ ಅದು ಗ್ರಾಹಕರಿಗೆ ಉಚಿತವಾಗಿ ಕೊಟ್ಟದ್ದು ಹೊಸ ಸೈಕಲ್ಲನ್ನಲ್ಲ, ಮನೆಯಲ್ಲೇ ಜೋಡಿಸಬಹುದಾದ ಒಂದು ಹೊಸ ಕಂಬವನ್ನು. ಮನಸ್ಸಿದ್ದರೆ, ಅಥವಾ ಕಾನೂನಿನ ಒತ್ತಾಯವಿದ್ದರೆ, ಮಾರ್ಗವಿದೆ!

ನೀವೂ ನೋಡಬಹುದು

ನಿಮ್ಮ ಮನೆಯಲ್ಲಿ ಇಂಥ ಸೈಕಲ್ ಇದ್ದರೆ ಮೊದಲು ಸದ್ದನ್ನು ಕೇಳಿ. ಪೆಡಲಿನ ಪ್ರತಿ ಸುತ್ತಿಗೆ ಒಮ್ಮೆ ‘ಟಕ್’ ಎಂದರೆ ತೊಂದರೆ ಹೆಚ್ಚಾಗಿ ಪೆಡಲಿನಲ್ಲಿ ಅಥವಾ ಕಾಟರ್ ಪಿನ್ನಿನಲ್ಲಿ. ಚೈನು ಕಳಚಿ, ಬ್ರೇಕ್ ಸಡಿಲಿಸಿ ಚಕ್ರವೊಂದನ್ನೇ ತಿರುಗಿಸಿದಾಗಲೂ ಗುರುಗುಟ್ಟಿದರೆ ಬೇರಿಂಗ್. ಪೆಡಲು ಬಿಚ್ಚುವಾಗ ಒಂದು ಮಾತು ನೆನಪಿರಲಿ: ಎಡಗಡೆಯ ಪೆಡಲಿನ ಮರೆ ಉಲ್ಟಾ. ಸ್ಪ್ಯಾನರನ್ನು ಮೇಲ್ಮುಖವಾಗಿ ಹಿಡಿದು ಸೈಕಲ್ಲಿನ ಹಿಂಭಾಗದ ಕಡೆಗೆ ಎಳೆದರೆ ಎರಡೂ ಬದಿಯ ಪೆಡಲುಗಳು ಬಿಚ್ಚಿಕೊಳ್ಳುತ್ತವೆ. ಚೈನಿಗೆ ಎಣ್ಣೆ ಬೇಕು. ಆದರೆ ಫೆಲ್ಟಿಗೂ ಚಕ್ರದ ಅಂಚಿಗೂ ಎಣ್ಣೆ ಸೋಕಬಾರದು, ಸೋಕಿದರೆ ಬ್ರೇಕ್ ಜಾರುತ್ತದೆ.

ಸೀಟಿನ ಎತ್ತರವೂ ಮುಖ್ಯ. ಪೆಡಲು ಕೆಳಗಿದ್ದಾಗ ಮಂಡಿ ತುಸುವೇ ಮಡಚಿರಬೇಕು. ಸೀಟು ತೀರಾ ತಗ್ಗಾದರೆ ಮಂಡಿಗೇ ಏಟು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಚೈನಿನ ಕವಚವಿಲ್ಲದೆ ಸೈಕಲ್ ಇಡಲೇಬೇಡಿ. ತಿರುಗುವ ಚಕ್ರ ಮತ್ತು ಚೈನು ಪುಟ್ಟ ಬೆರಳುಗಳಿಗೆ ಅಪಾಯಕಾರಿ. ನಮ್ಮಲ್ಲಿ ಕವಚ ಮುರಿದಿತ್ತು, ತಗಡಿನ ಕೆಲಸದವರಿಂದ ಹೊಸದು ಮಾಡಿಸಿದೆವು. ತುಳಿಯದ ಹೊತ್ತಿನಲ್ಲಿ ಬ್ರೇಕನ್ನು ಪೂರ್ತಿ ಬಿಗಿದಿಡುತ್ತೇವೆ.

ಎಲ್ಲವನ್ನೂ ಉಳಿಸಿಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಚೌಕಟ್ಟಿನ ಬೆಸುಗೆ ಬಿರಿದಿದ್ದರೆ, ಸೀಟಿನ ಕಂಬದೊಳಗೆ ತುಕ್ಕು ತಿಂದಿದ್ದರೆ ಹಿರಿಯರನ್ನು ಅದರ ಮೇಲೆ ಕೂರಿಸಬೇಡಿ. ಮೈಭಾರ ಹೊರುವ ಭಾಗದಲ್ಲಿ ರಾಜಿ ಸಲ್ಲದು. ಅಂಥದ್ದು ಗುಜರಿಗೆ ಹೋಗಲಿ. ಹೋಗುವ ಮೊದಲು ಅದರ ಪೆಡಲು, ಬೇರಿಂಗುಗಳನ್ನು ಕಳಚಿಟ್ಟುಕೊಳ್ಳಿ, ಇನ್ನೊಂದಕ್ಕೆ ಜೀವ ಬಂದೀತು.

ಉಳಿದಂತೆ, ಯಾರಾದರೂ “ಬಿಸಾಕಿ” ಎಂದರೆ, ಯಾವ ಭಾಗ ಸವೆದಿದೆ ಎಂದು ಒಮ್ಮೆ ಕೇಳಿ. ಉತ್ತರ ಹೇಳಲಾಗದವರಿಗೆ ಬಿಸಾಕಿ ಎನ್ನುವ ಅಧಿಕಾರವಿಲ್ಲ. ನಿಮ್ಮ ಊರಿನಲ್ಲೂ ಒಂದು ಸೈಕಲ್ ಶಾಪ್, ಒಂದು ಲೇತ್ ಶೆಡ್, ಗ್ರೀಸಿನ ಕೈಯ ಒಬ್ಬ ಬಲ್ಲಿದರು ಇದ್ದೇ ಇರುತ್ತಾರೆ. ನಾವು ಕೆಲಸ ಕೊಡದಿದ್ದರೆ ಅವರೂ ಒಂದು ದಿನ ಶೆಟರ್ ಎಳೆದು ಹೋಗುತ್ತಾರೆ. ಆಮೇಲೆ ಹುಡುಕಿದರೆ ಬೇರಿಂಗ್ ಸಿಕ್ಕೀತು, ಅದನ್ನು ಕೂರಿಸುವ ಕೈ ಸಿಗಲಾರದು.